ಅಡುಗೆಮನೆ ಬಾಗಿಲು ಎಲ್ಲಿ?

ಬಸ್ಸಿಗೆ ಕಾಯುತ್ತಿದ್ದ ಸಾಲಿನಲ್ಲಿ ನನ್ನ ಮುಂದೆ ಅತ್ತಿಗೆ, ನಾದಿನಿ ನಿಂತಿದ್ದರು. ಮಾತಿನಿಂದ ತಿಳಿಯಿತು, ನಾದಿನಿಯ ಗಂಡ ಬಡಗಿ.

“ಅಡುಗೆಮನೆ ಬಾಗಿಲು ಕಿತ್ತು ಹಾಕಿದ್ರಂತೆ? ಏನೇ ಇದು!”

“ಹೌದು ಅತ್ತಿಗೆ. ತೆರೆದ್ರೆ ಅರ್ಧ ಕೋಣೆ ಅದೇ ನುಂಗ್ತಿತ್ತು. ಈಗ ಪರದೆ ಸಾಕು.”

“ಮತ್ತೆ ಬಾಗಿಲು?”

“ಅದರ ಮೇಲೇ ಊಟ ಮಾಡ್ತೀವಿ! ನಮ್ಮನೆಯವರು ಅದನ್ನ ಅಡ್ಡಡ್ಡ ಗೋಡೆಗೆ ಕೂರಿಸಿ ಕೀಲು ಹಾಕಿದಾರೆ. ಊಟಕ್ಕೆ ಇಳಿಸೋದು, ಆಮೇಲೆ ಎತ್ತಿ ಚಿಲಕ ಹಾಕೋದು.”

“ಬಡಗಿ ಮನೇಲಿ ಮೇಜಿಗೂ ಗತಿಯಿಲ್ವಾ ಅಂತ ಜನ ನಗಲ್ವೇನೇ?”

“ನಗ್ತಿದ್ದೋನು ನಮ್ಮಣ್ಣ. ನಮ್ಮನೆ ಬೆಂಕಿಪೊಟ್ಟಣ ಅಂತ ಹೊಸಿಲಲ್ಲೇ ನಿಂತು ಟೀ ಕುಡಿದು ಹೊರಡ್ತಿದ್ದ.”

“ಅವರ ಬಾಯೇ ಹಾಗೆ, ಬಿಡು.”

“ಮೊನ್ನೆ ಬಂದ. ಅವನು, ನಮ್ಮತ್ತೆ, ಮಕ್ಕಳು, ಎಲ್ಲಾ ಒಟ್ಟಿಗೇ ಕೂತ್ವಿ. ಎರಡು ಸಲ ಬಡಿಸಿಕೊಂಡ.”

“ಅಯ್ಯೋ, ಅದಕ್ಕೇ ಅವತ್ತು ರಾತ್ರಿ ಊಟ ಬೇಡ ಅಂದ್ರು!”

“ನಿಮಗೆ ಹೇಳಲಿಲ್ವಾ?”

“ಎಲ್ಲಿ ಹೇಳ್ತಾರೆ! ಬಂದವರೇ ಟೇಪು ಹಿಡಿದು ನಮ್ಮ ಅಡುಗೆಮನೆ ಬಾಗಿಲು ಅಳೀತಿದ್ರು ಕಣೇ.”

ಬಸ್ಸು ಬಂತು, ಕಾಲಿಡಲು ಜಾಗವಿರಲಿಲ್ಲ. ಅತ್ತಿಗೆ ಹಿಂಜರಿದರು.

ನಾದಿನಿ ಅವರ ಕೈ ಹಿಡಿದು ಮೆಟ್ಟಿಲು ಹತ್ತಿದಳು. “ಬನ್ನಿ ಅತ್ತಿಗೆ. ಜಾಗ ಮಾಡೋದು ನನಗೆ ಬಿಡಿ.”