ಅಳಿವೆ ಬಾಯಲ್ಲಿ ನಡೆದ ಮಳ್ಳು ಕುಣಿತದ ಬಗ್ಗೆ

ಹೆಸರು: ಸುಚಿತಾ ತಂದೆ ಶುಕ್ರ ಮೊಗೇರ, ಪ್ರಾಯ 23 ವರ್ಷ, ವೃತ್ತಿ: ಸಿಗಡಿ ಶೆಡ್‌ನಲ್ಲಿ ತೂಕ ಬರೆಯುವುದು, ವಾಸ: ತೆಂಗಿನಗುಂಡಿ, ತಾಲೂಕು: ಭಟ್ಕಳ.

ಬೋಟ್ ನಡೆಸುವ ತಾಂಡೇಲ ದಾಸ ಎಂಬುವವರು ನನ್ನ ಮೇಲೆ ದೂರು ಕೊಟ್ಟಿರುವುದರಿಂದ ಠಾಣೆಗೆ ಹಾಜರಾಗಿ, ನಾನೇ ಬಾಯಿಬಿಟ್ಟು ಬರೆಸುವ ಸಂಗತಿ ಹೀಗಿದೆ.

ನಾನು ಕೆಲಸ ಮಾಡುವ ಶೆಡ್ ಮಾಲಿನಿ ಅಕ್ಕನವರದು. ಹೊಳೆ ಸಮುದ್ರ ಸೇರುವ ಅಳಿವೆ ಬಾಯಿಂದ ಅದು ಸುಮಾರು 150 ಮೀಟರ್ ದೂರದಲ್ಲಿದೆ. ಅಲ್ಲಿ ಹನ್ನೊಂದು ಹೆಂಗಸರು ಬೆಳಗಿನಿಂದ ಕೂತು ಸಿಗಡಿ ಸುಲಿಯುತ್ತಾರೆ. ಏಳುವಾಗ ಒಬ್ಬರನ್ನೊಬ್ಬರು ಹಿಡಿದೆಬ್ಬಿಸಬೇಕಾಗುತ್ತದೆ. ಕುಮಟಾದ ಪ್ರಿಯಂವದಾ ಮೇಡಂ ಎಂಬ ಫಿಸಿಯೋಥೆರಪಿಯವರು ಮೊಬೈಲಿನಲ್ಲಿ ‘ಎರಡು ನಿಮಿಷ ಮಳ್ಳು ಕುಣಿತ’ ಎಂಬ ಪೇಜ್ ನಡೆಸುತ್ತಾರೆ. ಕೆಲಸದ ನಡುವೆ ಎದ್ದು ಎರಡು ನಿಮಿಷ ಮಂಗನ ಹಾಗೆ ಕುಣಿದರೆ ಮೈ ಸಡಿಲಾಗಿ ತಲೆ ಹಗುರಾಗುತ್ತದೆ, ಚೆಂದ ಕುಣಿಯಲು ಹೋದವರಿಗೆ ಮಾತ್ರ ಲಾಭವಿಲ್ಲ ಎಂಬುದು ಅವರ ಪಾಠ. ನಾನು ಅವರ ಒಂದು ವಿಡಿಯೋವನ್ನೂ ಬಿಟ್ಟವಳಲ್ಲ. ಅವರು ಒಮ್ಮೆ ನನ್ನ ಕಾಮೆಂಟಿಗೆ ಹಾರ್ಟ್ ಕೊಟ್ಟಿದ್ದು, ಅದರ ಸ್ಕ್ರೀನ್‌ಶಾಟ್ ಬೇಕಾದರೆ ಹಾಜರುಪಡಿಸುತ್ತೇನೆ.

ದೀಪಾವಳಿ ಕಳೆದ ಮೇಲೆ ಶೆಡ್‌ನಲ್ಲಿ ಈ ಕುಣಿತವನ್ನು ಶುರುಮಾಡಿ, ಅದಕ್ಕೊಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಮಾಲಿನಿ ಅಕ್ಕ “ಎರಡು ನಿಮಿಷ ಅಂದ್ರೆ ಎರಡೇ. ಮೂರಾದ್ರೆ ನಾನೇ ಬಂದು ಕುಣಿಸ್ತೆ” ಎಂದು ಒಪ್ಪಿದರು. ಮೊದಲ ದಿನ ಎಲ್ಲರೂ ಗೋಡೆಗೆ ಮುಖ ಮಾಡಿ ಕುಣಿದರು. ವಾರದೊಳಗೆ ನಾಚಿಕೆ ಹೋಯಿತು. ಏಡಿ ನಡಿಗೆ ಬಂತು. ದೂರುದಾರರ ತಾಯಿ ಬೆಳ್ಳಿ ಅಕ್ಕನವರು ತಲೆಗೆ ಕಟ್ಟಿದ ಟವೆಲ್ ಬಿಚ್ಚಿ ನೆತ್ತಿಯ ಮೇಲೆ ಗರಗರ ತಿರುಗಿಸುವುದನ್ನು ಕಂಡುಹಿಡಿದರು. ಅದು ಎಲ್ಲರಿಗೂ ಹಿಡಿಸಿತು. ಹಬ್ಬಕ್ಕೆ ಮಾಲಿನಿ ಅಕ್ಕ ಎಲ್ಲರಿಗೂ ಕೊಟ್ಟಿದ್ದು ಕೆಂಪು ಟವೆಲ್ ಆಗಿರುತ್ತದೆ.

ನಿನ್ನೆ 12-11-2025ರಂದು ಸಂಜೆ 4 ಗಂಟೆಗೆ ದಾಸ ಅವರ ಸಂಬಂಧ ಗಟ್ಟಿ ಮಾಡಲು ಬೆಳಕೆ ಊರಿನಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ಮುರಿದಿದ್ದು, ಇದೂ ತಪ್ಪಿದರೆ ಇನ್ನು ಮದುವೆಯ ಮಾತೇ ಬೇಡ ಎಂದು ದಾಸ ಹೇಳಿಟ್ಟಿದ್ದರು. ಮಧ್ಯಾಹ್ನದೊಳಗೆ ಬಂದು ಮುಟ್ಟುತ್ತೇನೆಂದು ಬೋಟಿಗೆ ಹೋಗಿದ್ದರು. ಹೆಣ್ಣು ದಿವ್ಯಶ್ರೀ, ಅಮ್ಮನ ಜೊತೆ ಬೇಗನೆ ಬಂದು, ಅತ್ತೆಯಾಗುವವರ ಕೆಲಸದ ಜಾಗ ನೋಡಲು ಶೆಡ್‌ಗೆ ಬಂದರು.

ಸುಮಾರು 2 ಗಂಟೆಗೆ ಕರೆಂಟು ಹೋಗಿ ಒಳಗೆ ಕತ್ತಲಾಯಿತು. ಹಾಗಾಗಿ ಕುಣಿತಕ್ಕೆ ಹೊರಗೆ ದಂಡೆಗೆ ಬಂದೆವು. ಬೆಳ್ಳಿ ಅಕ್ಕ “ನೀ ಕೂತ್ಕೊ ಮಗಾ, ಇವತ್ತು ನೆಂಟ್ರು ನೀನು” ಎಂದರು. ದಿವ್ಯಶ್ರೀ “ನೆಂಟ್ರಿಗೆ ಕಾಲು ಜೋಂ ಹಿಡೂದಿಲ್ವಾ ಅತ್ತೆ?” ಎಂದು ಹೇಳಿ ನನ್ನ ಟವೆಲ್ ಕಸಿದುಕೊಂಡರು. ಆಗ ಅಳಿವೆಯ ಹೊರಗೆ ದಾಸರ ಬೋಟ್ ಕಾಣಿಸಿತು. ಬೆಳ್ಳಿ ಅಕ್ಕ “ನನ್ ಮಗ ಕಾಣ್ತ, ಜೋರು ತಿರುಗ್ಸಿ” ಎಂದರು. ಹನ್ನೆರಡೂ ಟವೆಲ್‌ಗಳನ್ನು ಜೋರಾಗಿ ತಿರುಗಿಸಿದೆವು.

ಅಳಿವೆಯಲ್ಲಿ ಅಲೆ ಕೆಟ್ಟಿದ್ದರೆ ದಡದಿಂದ ಯಾರಾದರೂ ಕೆಂಪು ಬಟ್ಟೆ ತಿರುಗಿಸುವುದು, ಅದನ್ನು ಕಂಡ ಬೋಟು ಒಳಗೆ ಬರದೆ ಬೇರೆ ಬಂದರಿಗೆ ಹೋಗುವುದು ನಮ್ಮಲ್ಲಿಯ ಹಳೆಯ ಪದ್ಧತಿ. ಫೋನ್ ಬಂದ ಮೇಲೆ ದಡದವರು ಅದನ್ನು ಮರೆತಿದ್ದೆವು. ಕಡಲಲ್ಲಿದ್ದವರು ಮರೆತಿರಲಿಲ್ಲ. ಎರಡು ದಿನದಿಂದ ಸಮುದ್ರವೂ ಗಡಸಾಗಿತ್ತು.

ಬೋಟ್ ತಿರುಗಿ ಬಡಗು ಮುಖವಾಗಿ ಹೊರಟಿತು. ಬೆಳ್ಳಿ ಅಕ್ಕನ ಕೈ ಮೇಲೆಯೇ ನಿಂತಿತು. “ಅವ ಎಲ್ಲಿ ಹೋತ?” ಎಂದು ಕೇಳಿದರು. ಮಾಲಿನಿ ಅಕ್ಕ “ಹೆಣ್ಣು ಕುಣೂದು ಕಂಡು ಹೆದ್ರಿದ ಕಾಣ್ತದೆ” ಎಂದರು. ಫೋನ್ ಹತ್ತಲಿಲ್ಲ. ಸಂಜೆ ಮನೆಯಲ್ಲಿ ಹೆಣ್ಣಿನ ಸೋದರಮಾವ ಎರಡು ಸಲ ಚಾ ಕುಡಿದು, “ಗಂಡೇ ಇಲ್ದ ಮನೇಲಿ ಎಂತ ಮಾತು?” ಎಂದು ಚಪ್ಪಲಿ ಮೆಟ್ಟಿದರು. ಅಷ್ಟರಲ್ಲಿ ಹೊನ್ನಾವರದಿಂದ ದಾಸರ ಫೋನ್ ಬಂತು. ಬೆಳ್ಳಿ ಅಕ್ಕ ಸ್ಪೀಕರ್ ಹಾಕಿದರು.

“ಅಮ್ಮಾ, ಅಳಿವೆಲಿ ಯಾರ್ ಬೋಟ್ ಮುಳುಗ್ತು? ಹನ್ನೆರಡು ಬಟ್ಟೆ ಕಂಡೆ ನಾನು.”

“ಯಾರದ್ದೂ ಇಲ್ಲ ಮಗಾ. ನಾವು ಕುಣೀತಿದ್ದೆವು.”

ದಾಸ ಫೋನ್ ಇಟ್ಟರು. ನೆಂಟರು ಬೆಳಕೆಗೆ ಹೊರಟರು.

ಇಂದು ಬೆಳಿಗ್ಗೆ ದಾಸ ಇಲ್ಲಿ ದೂರು ಕೊಟ್ಟರು. ಹೆತ್ತ ತಾಯಿಯ ಮೇಲೆ ಕೊಡಲು ಮನಸ್ಸು ಬಾರದೆ, ಗ್ರೂಪ್ ಅಡ್ಮಿನ್ ಎಂದು ನನ್ನ ಮೇಲೆ ಕೊಟ್ಟಿರುತ್ತಾರೆ. ಠಾಣೆಯಿಂದ ಹೇಳಿಕಳಿಸಿದಾಗ ನಾವೆಲ್ಲ ಬಂದೆವು. ಹನ್ನೆರಡನೇ ಟವೆಲ್ ತನ್ನದೆಂದು ದಿವ್ಯಶ್ರೀ ಕೂಡ ಸೋದರಮಾವನ ಜೊತೆ ಬಂದರು. ತಿರುಗಿಸಿದ್ದು ಹೇಗೆಂದು ತೋರಿಸಿ ಎಂದು ಹೆಡ್ ಕಾನ್‌ಸ್ಟೇಬಲ್ ಮೇಡಂ ಹೇಳಿದರು. ಜಗಲಿಯಲ್ಲಿ ತೋರಿಸಿದೆವು. ದಾಸ ಗೋಡೆಗೆ ಮುಖ ಮಾಡಿ ನಿಂತರು.

ದಿವ್ಯಶ್ರೀ ಟವೆಲ್ ಇಳಿಸಿ, “ನಾವು ಕಾಯ್ತಿರ್ತೆವು ಅಂತ ಗೊತ್ತಿದ್ದೂ ಬೋಟ್ ಎಂತಕ್ಕೆ ತಿರುಗ್ಸಿದ್ರಿ?” ಎಂದು ದಾಸರನ್ನೇ ಕೇಳಿದರು.

ದಾಸ ಗೋಡೆ ಬಿಟ್ಟು ತಿರುಗಲಿಲ್ಲ. “ಬೋಟಲ್ಲಿ ಆರು ಜನ ಇದ್ರು. ಅವರ ಮನೇಲೂ ಕಾಯ್ತಿರ್ತಾರಲ್ಲ” ಎಂದರು.

ದಿವ್ಯಶ್ರೀ ಟವೆಲನ್ನು ಮಡಚತೊಡಗಿದರು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದರು. “ನಮ್ಮಪ್ಪ ಬೇಗ ಮನೆಗೆ ಬರೂಕೆ ಹೋಗಿ ಅಳಿವೆಲೇ ಹೋದ್ರು. ಅವತ್ತು ನನ್ನ ಹುಟ್ಟಿದಬ್ಬ ಇತ್ತು” ಎಂದರು. ಆಮೇಲೆ ಸೋದರಮಾವನ ಕಡೆ ನೋಡಿ “ಮಾವ, ನಂಗೆ ಈ ಸಂಬಂಧ ಆತು” ಎಂದರು.

ಸೋದರಮಾವ “ಠಾಣೆಲಿ ಸಂಬಂಧ ಗಟ್ಟಿ ಮಾಡುದಾ ಮಾರಾಯ್ತಿ, ಊರಿಗೆ ಎಂತ ಹೇಳೂದು?” ಎಂದು ಕೂತರು. ಮೇಡಂ ಚಾ ತರಿಸಿದರು. ಸೋದರಮಾವ ಅದನ್ನೂ ಕುಡಿದರು.

ಪ್ರಿಯಂವದಾ ಮೇಡಂ ಅವರು ಟವೆಲ್ ಬಗ್ಗೆ ಎಲ್ಲಿಯೂ ಹೇಳಿಲ್ಲವಾದ್ದರಿಂದ ಅವರನ್ನು ಇದರಲ್ಲಿ ಸೇರಿಸಬಾರದು. ಕುಣಿತ ನಿಲ್ಲಿಸುವುದಿಲ್ಲ. ಇನ್ನು ಟವೆಲ್ ಮಾತ್ರ ತಲೆಯಿಂದ ಬಿಚ್ಚುವುದಿಲ್ಲ. ದೂರು ವಾಪಸ್ ಪಡೆಯುವೆನೆಂದು ಹೇಳಿದ ದಾಸ, ತಮ್ಮನ್ನೂ ಗ್ರೂಪಿಗೆ ಸೇರಿಸುವಂತೆ ಕೇಳಿರುತ್ತಾರೆ. ಅದು ಹೆಂಗಸರ ಗ್ರೂಪ್ ಆದ್ದರಿಂದ, ದಿವ್ಯಶ್ರೀಯವರ ನಂಬರನ್ನು ಅವರ ಒಪ್ಪಿಗೆ ಪಡೆದು ದಾಸರಿಗೆ ಕಳಿಸಿದ್ದೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಸುಳ್ಳು ಸೇರಿಸಿಲ್ಲ.

ಸ್ಥಳ: ಭಟ್ಕಳ
ದಿನಾಂಕ: 13-11-2025
ಸಹಿ: ಸುಚಿತಾ ಶುಕ್ರ ಮೊಗೇರ