ಸಮರಕಲೆಗಳ ಉಗಮ, ಉದ್ದೇಶ ಮತ್ತು ನೆಲ ಒರೆಸುವ ಬಟ್ಟೆ

ಆಗಲೇ ಎರಡು ಸಲ ಮೈಕ್ ತಟ್ಟಿ ನೋಡಿರುವ ಅಧ್ಯಕ್ಷರಾದ ವೆಂಕಟರಾಮಯ್ಯನವರೇ, ಶಾರ್ಜಾ ಗಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಇನ್ನೂ ಬಾರದ ಮುಖ್ಯ ಅತಿಥಿಗಳೇ, ಬೀಳ್ಕೊಡುಗೆಗೆಂದು ಬಲವಂತವಾಗಿ ವೇದಿಕೆಯಲ್ಲಿ ಕೂರಿಸಲ್ಪಟ್ಟಿರುವ ನಮ್ಮ ಕರಾಟೆ ಗುರುಗಳಾದ ಕೊರಗಪ್ಪ ಸರ್, ಮತ್ತು ಊಟದ ಕೌಂಟರಿನ ಮೇಲೆ ಒಂದು ಕಣ್ಣಿಟ್ಟಿರುವ ಸಭಿಕರೇ,

ನಾನು ಸುಶಾಂತ್. ವಯಸ್ಸು ಹತ್ತೊಂಬತ್ತು. ದುಬೈಯ ಅಲ್ ನಹ್ದಾದಲ್ಲಿರುವ ನಮ್ಮ ಕನ್ನಡ ಬಳಗದ ಕರಾಟೆ ತರಗತಿಯಲ್ಲಿ ಎಂಟು ವರ್ಷಗಳಿಂದ ಇದ್ದೇನೆ, ಮೂರು ವರ್ಷಗಳಿಂದ ಒಂದೇ ಬೆಲ್ಟಿನಲ್ಲಿದ್ದೇನೆ. ಮುಖ್ಯ ಅತಿಥಿಗಳು ಬರುವವರೆಗೆ ‘ಪೂರ್ವ ಏಷ್ಯಾದ ಸಮರಕಲೆಗಳ ಉಗಮ ಮತ್ತು ಉದ್ದೇಶ’ ಎಂಬ ವಿಷಯದ ಮೇಲೆ ಮಾತಾಡಿ ಸಭೆಯನ್ನು ಹಿಡಿದಿಡಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆ.

ಮೊದಲು ಉಗಮ. ಇದೆಲ್ಲ ಹುಟ್ಟಿದ್ದು ನಮ್ಮಲ್ಲೇ, ನಮ್ಮ ಸಂನ್ಯಾಸಿಯೊಬ್ಬರು ಹೋಗಿ ಚೀನಾದವರಿಗೆ ಕಲಿಸಿದರು ಎಂದು ಈಗಷ್ಟೇ ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಇತಿಹಾಸಕಾರರು ಇದನ್ನು ಅಷ್ಟಾಗಿ ಒಪ್ಪುವುದಿಲ್ಲ. ಆದರೆ ಇತಿಹಾಸಕಾರರು ನಮ್ಮ ಬಳಗದ ಸದಸ್ಯರಲ್ಲ. ಓಕಿನಾವಾ ದ್ವೀಪದಲ್ಲಿ ಆಯುಧ ಕಳೆದುಕೊಂಡ ಬಡ ರೈತರು ಬರಿಗೈಯನ್ನೇ ಆಯುಧ ಮಾಡಿಕೊಂಡರು ಎಂಬುದು ಇನ್ನೊಂದು ಕಥೆ. ಕೇಳಲು ಚೆಂದ. ನಿಜದಲ್ಲಿ ಹೆಚ್ಚಾಗಿ ಕಲಿತವರು ರಾಜನ ಕೈಕೆಳಗಿನ ಅಧಿಕಾರಿಗಳಂತೆ. ಅಂದರೆ ನಮ್ಮ ಹಾಗೆ ನೌಕರಿಯ ಜನ. ನೌಕರಿಯ ಜನರಿಗೆ ಯಾರನ್ನಾದರೂ ಒದೆಯಬೇಕೆನಿಸುವುದು ಆಗಿನಿಂದಲೂ ಇದೆ.

ಇನ್ನು ಉದ್ದೇಶ. ಸಭಿಕರೇ, ಉದ್ದೇಶವೇನು? ಅಧ್ಯಕ್ಷರನ್ನು ಕೇಳಿದರೆ ಶಿಸ್ತು ಎನ್ನುತ್ತಾರೆ. ನನ್ನ ಗೆಳೆಯ ಇವಾನ್‌ನ ತಾಯಿ ಫೆಲ್ಸಿ ಆಂಟಿಯನ್ನು ಕೇಳಿದರೆ ಸರ್ಟಿಫಿಕೇಟು ಎನ್ನುತ್ತಾರೆ. ನಾನು ಹನ್ನೊಂದನೇ ವಯಸ್ಸಿನಲ್ಲಿ, ಮೊದಲ ದಿನವೇ, ಕೊರಗಪ್ಪ ಸರ್ ಅವರನ್ನು ಕೇಳಿದ್ದೆ. ಉತ್ತರದ ಬದಲು ಅವರು ಒಂದು ಒದ್ದೆ ಬಟ್ಟೆ ಕೊಟ್ಟರು. “ಒರೆಸು ಮಾರಾಯ. ಎಲ್ಲಿ ಜಾರ್ತದೆ, ಎಲ್ಲಿ ಟೈಲ್ಸ್ ಎದ್ದುಂಟು ಅಂತ ಮೊದಲು ಕೈಗೆ ಗೊತ್ತಾಗ್ಲಿ. ಕಾಲಿಗೆ ಮತ್ತೆ ಹೇಳುವ.”

ಜಪಾನಿನಲ್ಲಿ ಎಷ್ಟೋ ಕಡೆ ಇದೇ ಪದ್ಧತಿ. ಅಭ್ಯಾಸದ ನೆಲವನ್ನು ಅಭ್ಯಾಸ ಮಾಡುವವರೇ ಗುಡಿಸಿ ಒರೆಸಬೇಕು. ಸರ್ ಇದನ್ನು ಕಲಿತದ್ದು ಮುಂಬಯಿಯಲ್ಲಿ. ಹಗಲೆಲ್ಲ ಕ್ಯಾಂಟೀನಿನ ಟೇಬಲ್ ಒರೆಸಿ, ಸಂಜೆ ತರಗತಿಗೆ ಹೋಗಿ ಅಲ್ಲಿಯೂ ಒರೆಸಿ ಕಲಿತವರು. ಈಗ ಅಲ್ ಕೂಜ್‌ನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ವಾರಕ್ಕೊಂದೇ ರಜೆ, ಶುಕ್ರವಾರ. ಅದನ್ನೂ ನಮಗೆ ಕೊಟ್ಟವರು.

ಮತ್ತು ನಾವು? ನೆಲವೆಂದರೆ ತನ್ನಷ್ಟಕ್ಕೆ ಹೊಳೆಯುವ ವಸ್ತು ಎಂದು ನಂಬಿ ಬೆಳೆದವರು! ಒಂದು ಶುಕ್ರವಾರ ಫೆಲ್ಸಿ ಆಂಟಿ ಮಗನ ಬದಲಿಗೆ ಒರೆಸಲು ಮನೆಕೆಲಸದಾಕೆಯನ್ನೇ ಕಳಿಸಿದರು. ಬಿಳಿ ಸಮವಸ್ತ್ರದ ಸಾಲಿನಲ್ಲಿ ಆಕೆ ಬಕೆಟ್ ಹಿಡಿದು ನಿಂತರು. ಸರ್ ಆಕೆಗೂ ತಲೆಬಾಗಿ ವಂದಿಸಿದರು, ಒರೆಸಿದವರಿಗೆ ಪಾಠ ಎಂದು ಒಂದು ಗಂಟೆ ಒದೆಯುವುದನ್ನು ಕಲಿಸಿ ಕಳಿಸಿದರು. ಇವಾನ್ ಬಕೆಟ್ ಕಾದ. ಆಕೆಗೆ ಒದೆತ ನನಗಿಂತ ಬೇಗ ಬಂತು.

ಆಮೇಲೆ ಬಂತು ನೋಡಿ ಆ ಫೋಟೋ. ಇವಾನ್ ಮಂಡಿಯೂರಿ ಒರೆಸುತ್ತಿರುವ ಫೋಟೋ, ಬಳಗದ ವಾಟ್ಸಾಪ್ ಗುಂಪಿನಲ್ಲಿ. ಕೆಳಗೊಂದು ಸಾಲು: ‘ಇದು ಕರಾಟೆ ಕ್ಲಾಸೋ, ಕ್ಲೀನಿಂಗ್ ಕಂಪನಿಯೋ?’ “ಎಂಥ ಅವಸ್ಥೆ ಇದು? ಮನೆಯಲ್ಲಿ ಅವನಿಗೆ ತಿಂದ ತಟ್ಟೆ ಎತ್ತಲಿಕ್ಕೂ ನಾನು ಬಿಡುದಿಲ್ಲ!” ಎಂದರು ಫೆಲ್ಸಿ ಆಂಟಿ. “ಖಲಾಸ್, ಇನ್ನು ಒರೆಸುವುದು ಬಂದ್” ಎಂದರು ಅಧ್ಯಕ್ಷರು. ಕಮಿಟಿ ಕೂತಿತು, ನಿಯಮ ಎದ್ದಿತು: ತರಗತಿಯ ವೇಳೆಯಲ್ಲಿ ಮಕ್ಕಳು ನೆಲ ಒರೆಸಕೂಡದು. ಸರ್ ಒಂದೇ ಸಾಲಿನ ರಾಜೀನಾಮೆ ಬರೆದರು: ‘ನೆಲ ಒರೆಸದವರಿಗೆ ಒದೆಯಲು ಕಲಿಸುವುದು ನನಗೆ ಗೊತ್ತಿಲ್ಲ.’ ಆಗ ನಾವು ಏನು ಮಾಡಿದೆವು? ನಿಯಮ ಹಿಂದೆ ತೆಗೆದುಕೊಂಡೆವೇ? ಇಲ್ಲ. ಶಾಲು ತಂದೆವು. ಹಣ್ಣಿನ ಬುಟ್ಟಿ ತಂದೆವು.

ಆ ಫೋಟೋದಲ್ಲಿ ಬೆಳಕು ಕೂಡ ಸರಿಯಿರಲಿಲ್ಲ. ಕಂಬದ ಮರೆಯಿಂದ ತೆಗೆದರೆ ಹಾಗೇ ಆಗುತ್ತದೆ, ನಾನೆಷ್ಟು ಬಾಗಿದರೂ… ಅಂದರೆ, ಯಾರೇ ಬಾಗಿದರೂ…

ಹೋಗಲಿ. ತೆಗೆದವನು ನಾನೇ. ಮೂರನೇ ಸಲ ಬೆಲ್ಟ್ ಪರೀಕ್ಷೆಯಲ್ಲಿ ಫೇಲಾದ ವಾರ. ಕಂಬದ ಹಿಂದಿನ ಮೂಲೆಯನ್ನು ಒರೆಸದೆ ಬಿಟ್ಟವನು ನಾನು, ಪರೀಕ್ಷೆಯಲ್ಲಿ ಅಲ್ಲೇ ಜಾರಿ ಬಿದ್ದವನೂ ನಾನು, ಸಿಟ್ಟು ಮಾತ್ರ ಸರ್ ಮೇಲೆ. ಮೂರನೇ ಸಾಲಿನಲ್ಲಿ ಕುಳಿತಿರುವ ನನ್ನ ತಾಯಿ ಕೋಕಿಲಾ ಅವರ ಫೋನಿನಿಂದ ಹಾಕಿದೆ. ಗುಂಪಿನವರೆಲ್ಲ ಅವರನ್ನೇ ಹೊಗಳಿದರು. ಅವರೂ “ಯಾರಾದರೂ ಹೇಳಲೇಬೇಕಿತ್ತಲ್ಲ” ಎಂದು ಹೊಗಳಿಕೆಯನ್ನು ಸ್ವೀಕರಿಸಿದರು. ಅಮ್ಮಾ, ಎದ್ದು ಬರಬೇಡ. ಮನೆಯಲ್ಲಿ ಮಾತಾಡುವ.

ತಮಾಷೆ ಎಂದುಕೊಂಡಿದ್ದೆ. ನಿಯಮ ಬಂದ ಮೇಲಿನ ಮೊದಲ ಶುಕ್ರವಾರ ಬಾಗಿಲಲ್ಲಿ ನಿಂತು ನೋಡಿದೆ. ಸರ್ ಒಬ್ಬರೇ ಒರೆಸುತ್ತಿದ್ದರು, ಐವತ್ತೆಂಟು ವರ್ಷದ ಮಂಡಿಗಳನ್ನೂರಿ. ಕಂಬದ ಹಿಂದಿನ ಮೂಲೆಯನ್ನು ಎರಡು ಸಲ ಒರೆಸಿದರು. ನನ್ನನ್ನು ಕಂಡು, “ಸುಶಾಂತಾ, ಇಲ್ಲಿ ಇನ್ನು ಜಾರುದಿಲ್ಲ” ಎಂದರು. ಅಷ್ಟೇ. ನಾಲ್ಕು ಬೈದಿದ್ದರೆ ನಾನು ಇವತ್ತು ಈ ಮೈಕಿನ ಮುಂದೆ ನಿಲ್ಲುತ್ತಿರಲಿಲ್ಲ.

ಅಧ್ಯಕ್ಷರೇ, ನಿಯಮವನ್ನು ನಾನು ಮೂರು ಸಲ ಓದಿದ್ದೇನೆ. ‘ತರಗತಿಯ ವೇಳೆಯಲ್ಲಿ’ ಎಂದಿದೆ. ತರಗತಿ ಒಂಬತ್ತಕ್ಕೆ. ಎಂಟಕ್ಕೇ ಬಂದು ಒರೆಸಿದರೆ ಯಾವ ನಿಯಮ ಮುರಿಯಿತು? ಹನ್ನೆರಡು ಮಂದಿ ಬರುತ್ತೇವೆಂದು ಸಹಿ ಹಾಕಿದ್ದೇವೆ. ಮೊದಲ ಸಹಿ ಇವಾನ್‌ನದು. ಫೆಲ್ಸಿ ಆಂಟಿ, ಕ್ಷಮಿಸಿ.

ಕೊರಗಪ್ಪ ಸರ್, ಕಾರ್ಯದರ್ಶಿಗಳು ನಿಮ್ಮ ಹಿಂದೆ ನಿಂತು ಶಾಲು ಬಿಡಿಸುತ್ತಿದ್ದಾರೆ. ದಯವಿಟ್ಟು ಹೊದೆಸಿಕೊಳ್ಳಬೇಡಿ. ಶಾಲು ಹೊದ್ದವರು ತಿರುಗಿ ಬಂದ ಚರಿತ್ರೆ ನಮ್ಮ ಬಳಗಕ್ಕಿಲ್ಲ. ತಪ್ಪು ನನ್ನದು. ನಾಳೆ ಶುಕ್ರವಾರ, ಎಂಟು ಗಂಟೆಗೆ ಬಟ್ಟೆ ಬಕೆಟ್ ಹಿಡಿದು ಬಾಗಿಲಲ್ಲಿರುತ್ತೇವೆ. ಬರುತ್ತೀರಾ?

ಸರ್ ತಲೆ ಅಲ್ಲಾಡಿಸುತ್ತಿದ್ದಾರೆ. ಇಲ್ಲವೆಂದೇ? ಬೆರಳು ತೋರಿಸುತ್ತಿದ್ದಾರೆ. ಒಂದು ಕೈಯ ಐದು, ಇನ್ನೊಂದು ಕೈಯ ಒಂದು. ಆರು? ಆರು ಗಂಟೆಗೆ? ಸರ್, ಶುಕ್ರವಾರ! ಇಡೀ ದುಬೈ ಮಲಗಿರುತ್ತದೆ ಸರ್! ಇದೇನು ನ್ಯಾಯ… ಆ ಒಂದು ಬೆರಳನ್ನೂ ಮಡಚುತ್ತಿದ್ದಾರೆ. ಬೇಡ, ಬೇಡ! ಆರು. ಆರು ಸರಿಯಾಗಿದೆ.

ಕಾರ್ಯದರ್ಶಿಗಳೇ, ಶಾಲನ್ನು ಮಡಚಿಡಬಹುದು. ತಾಳ್ಮೆಯಿಂದ ಕೇಳಿದ ನಿಮಗೂ, ಮೈಕ್ ಕಿತ್ತುಕೊಳ್ಳದ ಅಧ್ಯಕ್ಷರಿಗೂ ಕೃತಜ್ಞತೆಗಳು. ಉದ್ದೇಶದ ಕುರಿತು ಹೇಳುವುದು ಇನ್ನೂ ಬಹಳವಿತ್ತು. ಆದರೆ ಬೆಳಿಗ್ಗೆ ಆರಕ್ಕೆ ಕೆಲಸವಿರುವುದರಿಂದ ಹನ್ನೆರಡು ಮಂದಿಯ ಪರವಾಗಿ ನಿಮ್ಮ ಅಪ್ಪಣೆ ಬೇಡುತ್ತೇನೆ.

ನಮಸ್ಕಾರ.