ಬಿಚ್ಚದ ಇಸ್ಪೀಟು

ಆವತ್ತು ರಾತ್ರಿ ಪಂಚಾಕ್ಷರಪ್ಪ ಹರಿಹರದ ಅಂಗಡಿಗೆ ಬೀಗ ಹಾಕಿ, ಗುತ್ತೂರು ಹಾದಿ ಹಿಡಿದು ಮನೆಗೆ ನಡೀತಿದ್ರು. ತೊಂಬತ್ತೆಂಟನೇ ಇಸವಿ. ನಮ್ಮ ವಿನೋಬನಗರದ ಎದುರುಮನೆಗೆ ಅವರು ಬಂದದ್ದು ಆಮೇಲೆ. ಅವರ ಬಾಯಿಂದಲೇ ಕೇಳಿದ್ದು ಇದು... ಒಂದಕ್ಷರ ಸೇರಿಸಿಲ್ಲ.

ಹೊತ್ತಾಗಿದ್ದು ಕಂಪ್ಯೂಟರಿನಿಂದ. ಬಿಲ್ ಮಾಡೋಕಂತ ಮಗ ಬಕ್ಕೇಶ್ ತಂದಿದ್ದ. ಅದರೊಳಗೊಂದು ಇಸ್ಪೀಟಾಟ. ಎದುರಾಳಿ ಇಲ್ಲ, ಪಣ ಇಲ್ಲ, ಇದೂ ಒಂದು ಆಟವಾ ಅಂತ ಮೊದಲು ಮೂಗು ಮುರಿದಿದ್ರು. ಒಂದು ಮಧ್ಯಾಹ್ನ ಸುಮ್ಮನೆ ಕೂತರು ನೋಡ್ರಿ... ಏಳಲಿಲ್ಲ. ಎಲೆ ಎತ್ತಿಡೋದು, ಅಷ್ಟೇ. ಆದ್ರೂ ಇನ್ನೊಂದೇ ಸಲ, ಇನ್ನೊಂದೇ ಸಲ ಅಂತ ಗಿರಾಕಿ ಬಂದ್ರೂ ತಲೆ ಎತ್ತುತ್ತಿರಲಿಲ್ಲ. ಇಷ್ಟಾಗಿ, ಆಟ ಒಮ್ಮೆಯೂ ಬಿಚ್ಚಲಿಲ್ಲ, ಅಂದ್ರೆ ಎಲೆಯೆಲ್ಲ ಸಾಲಾಗಿ ಕೂಡಿ ಮುಗೀಲಿಲ್ಲ. ಕೊನೇಗೆ ಬಂದು ಸಿಕ್ಕಿಕೊಳ್ಳೋದು. ಆವತ್ತೂ ಹಂಗೇ. ಸಿಟ್ಟಿಗೆದ್ದು ಫಟ್ಟನೆ ಸ್ವಿಚ್ ಆರಿಸಿ ಹೊರಟಿದ್ರು.

ಆಲದ ಮರ ಬಂತು. ಅದರ ಬುಡಕ್ಕೆ ಹಳೇ ಬಾವಿ. ತಲೆ ತುಂಬ ಅದೇ ಎಲೆಗಳು...

ಟಿಕ್.

ನಿಂತರು.

ಟಿಕ್... ಟಿಕ್-ಟಿಕ್.

ಮೌಸ್ ಒತ್ತಿದ ಸದ್ದು. ಬಾವಿಕಟ್ಟೆ ಕಡೆಯಿಂದ.

‘ಪಂಚಣ್ಣ... ಆಟೀನ್ ರಾಣಿನ ಯಾಕ ಸರಿಸಿದಿ?’

ಪಿಸುಮಾತು. ಗುರುತಿನ ದನಿ. ಓಬಯ್ಯ. ಎಷ್ಟೋ ವರ್ಷ ಜೊತೆಗೆ ಕೂತು ಎಡಗೈಲಿ ಎಲೆ ಹಾಕಿದವ, ಹೆಗಲ ಹಿಂದೆ ನಿಂತು ಬುದ್ಧಿ ಹೇಳಿ ಹೇಳಿ ಜೀವ ತಿಂದವ. ಹೋದ ಬ್ಯಾಸಿಗ್ಯಾಗೆ ಅದೇ ಬಾವಿಗೆ ಬಿದ್ದು ಸತ್ತಿದ್ದ.

‘ಕೂಡು ಬಾ. ಇಲ್ಲೇ ಬಿಚ್ಚಾನ.’

ಹೆದರಿಕೆಗಿಂತ ಆಸೆ ದೊಡ್ಡದಿತ್ತಂತೆ. ಒಂದು ಸಲ ಬಿಚ್ಚಿದ್ದು ನೋಡಿದ್ರೆ ಸಾಕು... ಕಾಲು ತಾನಾಗೇ ನಡೀತು. ಕಟ್ಟೆ ಹತ್ತಿ ಕೂತಿದ್ದೇ ಗೊತ್ತಾಗಲಿಲ್ಲ. ಅಂಗಾಲಿಗೆ ತಣ್ಣನೆ ಗಾಳಿ ಬಡೀತು. ಬಗ್ಗಿ ನೋಡಿದ್ರೆ ಎರಡೂ ಕಾಲು ಬಾವಿಯೊಳಗೆ ಇಳಿಬಿದ್ದಾವೆ.

‘ಇನ್ನೊಂಚೂರು ಮುಂದಕ್ಕೆ ಬಾ...’

ಆಗ ಸಿಟ್ಟು ಬಂತು ಅವರಿಗೆ. ಸತ್ತ ಮ್ಯಾಲೂ ಬಿಡಲಿಲ್ಲವಲ್ಲ ಇವನು. ಹಲ್ಲು ಕಚ್ಚಿ ಅಂದ್ರು:

‘ಬ್ಯಾಡ. ನನ್ನಾಟ ನಾನೇ ಬಿಚ್ಚಬೇಕು.’

ಟಿಕ್ ಟಿಕ್ ನಿಂತಿತು. ಕೆಳಗೆ ನೀರು ಒಮ್ಮೆ ಗುಳುಂ ಅಂತು... ಅಷ್ಟೇ. ಕಾಲೆಳಕೊಂಡು ಹೆಂಗೋ ಮನೆ ಸೇರಿದ್ರು. ಹೆಂಡತಿ ಮರುಳಸಿದ್ದಮ್ಮ ಏನಾತು ಅಂತ ಕೇಳ್ತಿದ್ದಂಗೇ ಕಂಬಳಿ ಹೊದ್ದು ಮಲಗಿದ್ರು.

ಬೆಳಿಗ್ಗೆ ಮಗನ ಜೊತೆ ಹೋಗಿ ಅಂಗಡಿ ಬಾಗಿಲು ತೆಗೆದ್ರೆ, ಆರಿಸಿದ್ದ ಕಂಪ್ಯೂಟರ್ ಉರೀತೈತೆ. ಪರದೆ ಮ್ಯಾಲೆ ಎಲೆಗಳು ಒಂದರ ಹಿಂದೊಂದು ಪುಟಿದು ಪುಟಿದು ಬೀಳ್ತಾವೆ. ಆಟ ಬಿಚ್ಚಿದಾಗಷ್ಟೇ ಅವು ಹಂಗೆ ಕುಣಿಯೋದು.

‘ಗೆದ್ದೇಬಿಟ್ಟಿರಲ್ಲಪ್ಪ’ ಅಂದ ಬಕ್ಕೇಶ್.

ಕಾದು ಕಾದು, ಕೊನೇಗೂ ಬಿಚ್ಚಿದಾಗ ತಾವಿರಲಿಲ್ಲ. ಆ ಹೊಟ್ಟೆಯುರಿ ಪಂಚಾಕ್ಷರಪ್ಪಗೆ ಇವತ್ತಿಗೂ ಆರಿಲ್ಲ. ಆಟನ ಆವತ್ತೇ ತೆಗೆಸಿದ್ರು.

ನಂಬೋರು ನಂಬ್ರಿ, ಬಿಡೋರು ಬಿಡ್ರಿ. ನಡೆದದ್ದಂತೂ ನಿಜ. ಬೀಗದಕೈ ರಾತ್ರಿಯೆಲ್ಲ ಅವರ ಉಡಿದಾರದಾಗೇ ಇತ್ತು. ಇನ್ನೊಂದು ಮಾತು, ಬಕ್ಕೇಶ್ ಹೇಳಿದ್ದು... ಬೆಳಿಗ್ಗೆ ಮೌಸು ಕೀಬೋರ್ಡಿನ ಎಡಗಡೆ ಇತ್ತಂತೆ. ಆ ಮನೆಯಾಗೆ ಎಡಗೈಯವರು ಯಾರೂ ಇಲ್ಲ.